ಚೀಲ ಇಟ್ಟು ಹೋಗಲು ಜಾಗ ಇದೆಯಾ?

ಕಳೆದ ಮಳೆಗಾಲದ ಒಂದು ಮಂಗಳವಾರ. ಆಯಿಯನ್ನು ಕರೆದುಕೊಂಡು ಶಿರಸಿ ಪೇಟೆಗೆ ಹೋಗಿದ್ದೆ. ಸಂತೆ ದಿನ. ಕಣ್ಣಿನ ಡಾಕ್ಟರ ಹತ್ತಿರ ಕೆಲಸ ಮುಗಿಯುವಾಗ ಹನ್ನೆರಡೂವರೆ. ನಮ್ಮೂರಿನ ಬಸ್ಸು ಮೂರು ಗಂಟೆಗೆ. ಆಯಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಭಾರದ ಚೀಲ. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಎದುರಿಗೆ ಹೊಸ ಕಾಂಪ್ಲೆಕ್ಸ್ ಒಂದು ಕಂಡಿತು. ಕೆಳಗೆ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ. ಮೇಲೆ ಲ್ಯಾಬು, ಕಂಪ್ಯೂಟರ್ ಕ್ಲಾಸು. ಸರಿ, ಒಳಗೆ ಹೋದೆವು.

ಕೂರಲು ಎಲ್ಲೂ ಜಾಗ ಇಲ್ಲ. ಮೆಟ್ಟಿಲ ಮೇಲೆ ಕೂತರೆ ಹೋಗಿ ಬರುವವರಿಗೆ ಅಡ್ಡ. ಆಯಿ ವಾಚ್‌ಮನ್‌ನನ್ನು ಕೇಳಿದಳು, "ತಮ್ಮಾ, ಇಲ್ಲಿ ಬಾತ್‌ರೂಮ್ ಎಲ್ಲಿದೆ?"

"ಅಮಾ, ಅದು ಅಂಗಡಿಯವರಿಗೆ ಮಾತ್ರ. ಕೀಲಿ ಮೇಲಿನವರ ಹತ್ತಿರ ಇರ್ತದೆ. ನೀವು ಬಸ್‌ಸ್ಟ್ಯಾಂಡಿಗೇ ಹೋಗೋದು ಒಳ್ಳೇದು."

ಪಾಪ, ಅವನು ಕೆಟ್ಟ ಮನುಷ್ಯ ಅಲ್ಲ. ಹಾಗೆ ಹೇಳು ಅಂತ ಅವನಿಗೆ ಹೇಳಿದ್ದಾರೆ. ಆದರೆ ಅದೇ ಬಾಗಿಲಿನ ಪಕ್ಕದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಯ ದೊಡ್ಡ ಫ್ಲೆಕ್ಸ್ ಇತ್ತು. ಊರಿನ ಮಕ್ಕಳೆಲ್ಲ ಬನ್ನಿ, ಬಹುಮಾನ ಇದೆ ಅಂತ. ಸ್ಪರ್ಧೆ ಒಳ್ಳೆಯದೇ. ಮಕ್ಕಳು ಬರಲಿ, ಬಣ್ಣ ಹಚ್ಚಲಿ. ಆದರೆ ಊರಿನ ಜೊತೆಗಿನ ಸಂಬಂಧ ಆ ಒಂದು ದಿನಕ್ಕೇ ಮುಗಿದು, ಉಳಿದ ದಿನಗಳಲ್ಲಿ ಊರಿನ ಮುದುಕಿಯೊಬ್ಬಳಿಗೆ ಐದು ನಿಮಿಷ ಕೂರಲು ಆಗದಿದ್ದರೆ, ಎಲ್ಲೋ ಏನೋ ತಪ್ಪಿದೆ ಅಲ್ವಾ?

ಕೊನೆಗೆ ನಮ್ಮನ್ನು ಒಳಗೆ ಕರೆದದ್ದು ರಸ್ತೆಯಾಚೆಗಿನ ಹಳೇ ಪಾತ್ರೆ ಅಂಗಡಿಯವರು. "ಒಳಗೆ ಬನ್ನಿ ಅಮ್ಮಾ, ನೆನೀಬೇಡಿ" ಅಂದರು. ಸ್ಟೂಲ್ ಕೊಟ್ಟರು. ಹಿಂದುಗಡೆ ಅವರದೇ ಮನೆ, ಬಚ್ಚಲಿನ ಬಾಗಿಲು ತೋರಿಸಿದರು. ಚೀಲ ಮೂಲೆಯಲ್ಲಿಟ್ಟು ನಾವು ಸಂತೆಗೂ ಹೋಗಿ ಬಂದೆವು. ಆ ದಿನ ಅಲ್ಲಿ ಒಂದು ಚಮಚವನ್ನೂ ಕೊಳ್ಳಲಿಲ್ಲ. ಅವರು ಏನು ಬೇಕು ಅಂತ ಕೇಳಲೂ ಇಲ್ಲ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೂತಿದೆ. ಶಿರಸಿ, ಕಾರವಾರ, ಕುಮಟಾ ಎಲ್ಲ ಕಡೆಯೂ ಕಾಂಪ್ಲೆಕ್ಸು, ಸೂಪರ್ ಮಾರ್ಕೆಟ್ಟು ಏಳುತ್ತಿವೆ. ಅವು ಊರಿಗೆ ಏನು ಮಾಡುತ್ತಿವೆ ಅಂತ ಕೇಳಿದರೆ ಉತ್ತರ ಬರುವುದು ಕಾರ್ಯಕ್ರಮದ ಫೋಟೋಗಳಲ್ಲಿ. ನಾನು ನೋಡುವುದು ಬೇರೆ ಮೂರು ಸಂಗತಿ. ಏನೂ ಕೊಳ್ಳದೆ ಬಂದವರನ್ನು ಒಂದು ಕಾಂಪ್ಲೆಕ್ಸು ಹೇಗೆ ನೋಡುತ್ತದೆ? ಯಾರ ಕೈಯಿಂದ ಮಾಲು ತರುತ್ತದೆ? ತನ್ನ ಬಾಗಿಲ ಮುಂದೆ ಯಾರಿಗೆ ಕೂರಲು ಬಿಡುತ್ತದೆ?

ಚೀಲದಿಂದಲೇ ಶುರು ಮಾಡುತ್ತೇನೆ. ನಮ್ಮ ಘಟ್ಟದ ಮೇಲಿನ ಹಳ್ಳಿ ಅಂದರೆ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಪೇಟೆಗೆ ಹೋಗುವುದು ಇಡೀ ದಿನದ ಕೆಲಸ. ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು, ಸಂಜೆ ಒಂದು. ನಡುವೆ ಬ್ಯಾಂಕು, ತಹಶೀಲ್ದಾರ್ ಕಚೇರಿ, ಡಾಕ್ಟರು, ಸೊಸೈಟಿ. ಅಷ್ಟು ಕಡೆ ಚೀಲ ಹೊತ್ತು ತಿರುಗಲು ಆಗುತ್ತದಾ? ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಗೊತ್ತಿನ ಅಂಗಡಿ ಇರುತ್ತಿತ್ತು. ಚೀಲ ಅಲ್ಲಿ. ಮದುವೆ ಕಾಗದ ಅಲ್ಲಿ ಕೊಟ್ಟರೆ ಆ ಊರಿನವರಿಗೆಲ್ಲ ಮುಟ್ಟುತ್ತಿತ್ತು. ಔಷಧಿ ತಂದಿಟ್ಟರೆ ಸಂಜೆ ಬಸ್ಸಿನ ಡ್ರೈವರ್ ಕೈಯಲ್ಲಿ ಹೋಗುತ್ತಿತ್ತು. ಅಂಗಡಿಯ ಜಗಲಿ ಅಂದರೆ ಅರ್ಧ ಅಂಚೆ ಕಚೇರಿ, ಅರ್ಧ ತಂಗುದಾಣ. ಅಂಗಡಿಯವರಿಗೆ ಇದರಿಂದ ಲಾಭ ಇರಲಿಲ್ಲವಾ? ಖಂಡಿತ ಇತ್ತು. ಚೀಲ ಇಟ್ಟವರು ಸಕ್ಕರೆ ಬೇರೆ ಕಡೆ ತರುತ್ತಿರಲಿಲ್ಲ.

ಈಗಲೂ ಸೂಪರ್ ಮಾರ್ಕೆಟ್ಟಿನಲ್ಲಿ ಚೀಲ ಇಡುತ್ತಾರೆ, ಟೋಕನ್ ಕೊಡುತ್ತಾರೆ. ಆದರೆ ಅದು ನಾವು ಒಳಗಿರುವಷ್ಟು ಹೊತ್ತು ಮಾತ್ರ. ಆ ಹಳೇ ಜಗಲಿಯ ಅಗತ್ಯ ಕಡಿಮೆ ಆಗಿದೆಯಾ ಅಂದರೆ, ಇಲ್ಲ, ಜಾಸ್ತಿಯೇ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಮೊದಲು ಗಂಡಸರ ಕೈಯಲ್ಲಿ ಸಾಮಾನು ಚೀಟಿ ಕೊಟ್ಟು ಕಳಿಸುತ್ತಿದ್ದವರು ಈಗ ತಾವೇ ಬರುತ್ತಾರೆ. ಮಗುವನ್ನು ಎತ್ತಿಕೊಂಡು ಬರುತ್ತಾರೆ. ಅವರಿಗೆ ಬೇಕಾದದ್ದು ಕೂರಲು ನೆರಳು, ಕುಡಿಯಲು ನೀರು, ಬೀಗ ಹಾಕದ ಶೌಚಾಲಯ, ಮಗುವಿಗೆ ಹಾಲು ಕುಡಿಸಲು ಒಂದು ಮರೆ.

ಇಷ್ಟೂ ಕಾಂಪ್ಲೆಕ್ಸಿನಲ್ಲಿ ಯಾಕಿಲ್ಲ? ಕಾರಣ ಮಾಲೀಕರ ಮನಸ್ಸು ಸಣ್ಣದು ಅಂತ ಅಲ್ಲ. ಕಟ್ಟಡದ ಲೆಕ್ಕಾಚಾರವೇ ಹಾಗಿದೆ. ಕಾಂಪ್ಲೆಕ್ಸ್ ಕಟ್ಟಿದವರಿಗೆ ಆದಾಯ ಬರುವುದು ಬಾಡಿಗೆ ಮತ್ತು ಡೆಪಾಸಿಟ್‌ನಿಂದ. ಬಾಡಿಗೆ ಚದರ ಅಡಿ ಲೆಕ್ಕದಲ್ಲಿ. ಬೆಂಚು ಇಟ್ಟ ಜಾಗಕ್ಕೆ ಬಾಡಿಗೆ ಬರುವುದಿಲ್ಲ. ಶೌಚಾಲಯ ನಕ್ಷೆಯಲ್ಲಿ ಇರುತ್ತದೆ, ಕಟ್ಟಿಯೂ ಇರುತ್ತಾರೆ. ಆದರೆ ತೊಳೆಯುವವರ ಸಂಬಳ ಯಾರು ಕೊಡಬೇಕು? ಮಾಲೀಕರು ಬಾಡಿಗೆದಾರರು ಕೊಡಲಿ ಅನ್ನುತ್ತಾರೆ, ಬಾಡಿಗೆದಾರರು ಮಾಲೀಕರತ್ತ ಕೈ ತೋರಿಸುತ್ತಾರೆ. ಕೊನೆಗೆ ಬೀಗ. ಪಾತ್ರೆ ಅಂಗಡಿಯವರು ಮಾಲೀಕರೂ ಹೌದು, ಅಂಗಡಿಯಲ್ಲಿ ಕೂರುವವರೂ ಹೌದು, ಆ ಊರಿನವರೂ ಹೌದು. ಅವರಲ್ಲಿ ಒಂದೇ ಮನುಷ್ಯನಲ್ಲಿದ್ದ ಈ ಮೂರೂ ಕಾಂಪ್ಲೆಕ್ಸಿನಲ್ಲಿ ಮೂರು ಕಡೆ ಹಂಚಿಹೋಗಿವೆ.

ಇಲ್ಲಿ ಸ್ವಲ್ಪ ದೂರದ ಕಥೆ ಹೇಳಬೇಕು. ಇಡೀ ಮುಚ್ಚಿದ ಸೂರಿನ ಕೆಳಗಿನ ಮೊದಲ ದೊಡ್ಡ ಮಾಲ್ ಅಂತ ಗುರುತಿಸುವುದು ಅಮೆರಿಕದ ಮಿನೆಸೋಟ ರಾಜ್ಯದ ಸೌತ್‌ಡೇಲ್ ಸೆಂಟರನ್ನು. 1956ರಲ್ಲಿ ತೆರೆಯಿತು. ಅದನ್ನು ರೂಪಿಸಿದವರು ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ಅಲ್ಲಿ ಚಳಿಗಾಲದಲ್ಲಿ ಹಿಮ, ಹೊರಗೆ ಓಡಾಡಲು ಕಷ್ಟ. ಜನ ಸೂರಿನ ಕೆಳಗೆ ಸೇರಲಿ, ಹರಟಲಿ, ನಡುವೆ ಗಿಡ, ಬೆಂಚು ಇರಲಿ, ಸುತ್ತ ಮನೆ, ಶಾಲೆ, ಆಸ್ಪತ್ರೆ ಬರಲಿ ಅಂತ ಅವರ ಆಸೆ. ಅಂಗಡಿ ಬಂದವು, ಕಾರು ನಿಲ್ಲಿಸುವ ಜಾಗ ಬಂತು. ಅವರು ಅಂದುಕೊಂಡ ಊರು ಮಾತ್ರ ಸುತ್ತ ಬೆಳೆಯಲಿಲ್ಲ. ಬೇಸತ್ತು 1968ರಲ್ಲಿ ವಿಯೆನ್ನಾಕ್ಕೆ ವಾಪಸ್ ಹೋದರು. ತಮ್ಮ ಹೆಸರಲ್ಲಿ ಬೆಳೆದ ಮಾಲ್‌ಗಳನ್ನು ಕಡೆಗೆ ತಮ್ಮವಲ್ಲ ಅಂದರು.

ಅವರ ಮೊದಲ ಆಲೋಚನೆ ನಮಗೆ ಎಷ್ಟು ಹೊಂದುತ್ತದೆ ನೋಡಿ. ಅಲ್ಲಿ ಹಿಮ, ಇಲ್ಲಿ ಮಳೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ನಮ್ಮ ಪೇಟೆಗಳಲ್ಲಿ ಸೂರಿರುವ ದೊಡ್ಡ ಜಾಗ ಅಂದರೆ ಬಸ್‌ಸ್ಟ್ಯಾಂಡು, ದೇವಸ್ಥಾನ, ಮತ್ತೆ ಈ ಕಾಂಪ್ಲೆಕ್ಸುಗಳು.

ಗ್ರುಯೆನ್‌ಗಿಂತ ನೂರು ವರ್ಷ ಮೊದಲು ಇನ್ನೊಂದು ಅಂಗಡಿ ಇತ್ತು. ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ ನೇಕಾರರು ಮತ್ತಿತರ ಕೆಲಸಗಾರರು ಸೇರಿ 1844ರ ಡಿಸೆಂಬರ್ 21ಕ್ಕೆ ಒಂದು ಸಣ್ಣ ಮಳಿಗೆ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ, ಹೀಗೆ ನಾಲ್ಕಾರು ಸಾಮಾನು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ಬಂದ ಲಾಭ ಕೊಂಡವರಿಗೇ ಹಂಚಿಕೆ. ಮುಂದೆ ಅದೇ ಮಳಿಗೆಯ ಮೇಲೆ ಓದುವ ಕೋಣೆ ಮಾಡಿದರು, ಲಾಭದ ಶೇಕಡಾ 2.5 ಭಾಗವನ್ನು ಶಿಕ್ಷಣಕ್ಕೆ ತೆಗೆದಿಟ್ಟರು. ದಾನ ಅಂತ ಅಲ್ಲ, ನಿಯಮ ಅಂತ. ಜಗತ್ತಿನ ಸಹಕಾರ ಚಳವಳಿ ಇವತ್ತಿಗೂ ಆ ಅಂಗಡಿಯನ್ನು ನೆನೆಯುತ್ತದೆ. ನಮ್ಮ ನಾಡಿಗೆ ಆ ಗಾಳಿ ಬಂದದ್ದು 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ.

ಶಿರಸಿಗೆ ಅದು ಬಂದದ್ದು ಅಡಿಕೆಯ ದಾರಿಯಲ್ಲಿ. 1923ರಲ್ಲಿ ಬೆಳೆಗಾರರೇ ಸೇರಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕಟ್ಟಿಕೊಂಡರು. ಜನರ ಬಾಯಲ್ಲಿ ಟಿಎಸ್‌ಎಸ್. ಅಡಿಕೆ ಟೆಂಡರಿಗೆ ಹೋಗುವ ಅದೇ ಸಂಸ್ಥೆಯ ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿ, ಬೇಳೆ, ಬಟ್ಟೆ ಎಲ್ಲ ಸಿಗುತ್ತದೆ. ಅಡಿಕೆಯವರ ಕೈಯಲ್ಲಿ ದುಡ್ಡು ಓಡಾಡುವುದು ವರ್ಷದ ಕೆಲವೇ ತಿಂಗಳು. ಮಳೆಗಾಲದಲ್ಲಿ ಮನೆಖರ್ಚು ನಡೆಯುವುದು ಖಾತೆಗೆ ಬರೆಸಿ. ಬೆಳೆಯ ಲಯ ಗೊತ್ತಿರುವ ಅಂಗಡಿಗೆ ಮಾತ್ರ ಇದು ಸಾಧ್ಯ. ಇನ್ನೂ ದೊಡ್ಡ ವ್ಯತ್ಯಾಸ ಏನೆಂದರೆ, ಸಹಕಾರಿ ಸಂಘದಲ್ಲಿ ಸದಸ್ಯರಿಗೆ ಓಟಿದೆ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಇದು ಹೀಗೇಕೆ ಆಯಿತು ಅಂತ ಕೇಳಬಹುದು. ಖಾಸಗಿ ಕಾಂಪ್ಲೆಕ್ಸಿನಲ್ಲಿ ಯಾರನ್ನು ಕೇಳುವುದು?

ಆದರೂ ಒಂದು ಮಾತು ಹೇಳಲೇಬೇಕು. ಸಹಕಾರಿಯಲ್ಲಿ ದನಿ ಇರುವುದು ಷೇರು ಇದ್ದವರಿಗೆ. ಅಡಿಕೆ ಕೊನೆ ಕೊಯ್ಯಲು ಬರುವವರು, ಸಂತೆಯಲ್ಲಿ ಸೊಪ್ಪು ಮಾರುವವರು, ಘಟ್ಟದ ಕೆಳಗಿನ ಮೀನಿನವರು ಆ ಸಭೆಯಲ್ಲಿ ಇರುವುದಿಲ್ಲ.

ಅವರ ಜಾಗ ಬೀದಿ. ಅಂಕೋಲಾ, ಕುಮಟಾ ಕಡೆ ಓಡಾಡಿದವರಿಗೆ ಗೊತ್ತು. ಹಾಲಕ್ಕಿ ಒಕ್ಕಲ ಹೆಂಗಸರು ಬೆಳಿಗ್ಗೆಯೇ ಬುಟ್ಟಿ ಇಳಿಸಿ ಕೂತಿರುತ್ತಾರೆ. ಕುತ್ತಿಗೆ ತುಂಬ ಮಣಿಸರ, ಮುಂದೆ ಬಸಳೆ, ಹರಿವೆ, ಸೌತೆ. ಮೇ ತಿಂಗಳಲ್ಲಿ ಈಶಾಡು ಮಾವು. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಣ್ಣು ಜಾಸ್ತಿ ದಿನ ನಿಲ್ಲುವುದಿಲ್ಲ, ಬೇಗ ಮೆತ್ತಗಾಗುತ್ತದೆ. ಅದಕ್ಕೆ ಹತ್ತಿರದ ಪೇಟೆಯೇ ಬೇಕು, ಅದೇ ದಿನದ ಗಿರಾಕಿಯೇ ಬೇಕು. ಇಂಥವರು ಒಂದು ಕಟ್ಟಡದ ಮುಂದೆ ಕೂತಾಗ ಆ ಕಟ್ಟಡ ಏನು ಮಾಡುತ್ತದೆ? ಹಲವು ಕಡೆ, ಎದ್ದೇಳಿ ಅನ್ನುತ್ತದೆ. ಪಾರ್ಕಿಂಗಿಗೆ ಅಡ್ಡ, ಕಸ ಆಗುತ್ತದೆ ಅನ್ನುತ್ತದೆ.

ಇದಕ್ಕೆ ಕಾನೂನು ಇದೆ, ಬಹಳ ಜನರಿಗೆ ಗೊತ್ತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ನಗರಸಭೆ, ಪುರಸಭೆಯಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಇದ್ದವರನ್ನು ಸ್ಥಳಾಂತರ ಮಾಡಲೂ 30 ದಿನ ಮೊದಲು ನೋಟಿಸ್ ಕೊಡಬೇಕು. ಮಾರುವವರೂ ಕೊಳ್ಳುವವರೂ ಹಿಂದಿನಿಂದ ಸೇರುತ್ತ ಬಂದ ಜಾಗವನ್ನು ಕಾಯ್ದೆ ಸಹಜ ಮಾರುಕಟ್ಟೆ ಅಂತ ಗುರುತಿಸುತ್ತದೆ. ಕಾರವಾರದ ಭಾನುವಾರದ ಸಂತೆ, ಶಿರಸಿಯ ಮಂಗಳವಾರದ ಸಂತೆಗೆ ಈ ಮಾತು ಎಷ್ಟು ಸರಿಯಾಗಿ ಹೊಂದುತ್ತದೆ!

ಕಾಂಪ್ಲೆಕ್ಸಿನವರಿಗೂ ಇದರಲ್ಲಿ ನಷ್ಟ ಇಲ್ಲ. ಸಂತೆ ದಿನ ಸುತ್ತಲಿನ ಅಂಗಡಿಗಳ ವ್ಯಾಪಾರ ಹೇಗಿರುತ್ತದೆ ಅಂತ ಯಾರನ್ನಾದರೂ ಕೇಳಿ. ಸೊಪ್ಪಿಗೆ ಬಂದವರೇ ಬಕೆಟ್ ಕೊಳ್ಳುತ್ತಾರೆ, ಮಗನಿಗೆ ಚಪ್ಪಲಿ ಕೊಳ್ಳುತ್ತಾರೆ.

ಕಾರವಾರದಲ್ಲಿ ನನ್ನ ಕೆಲಸ. ಮೀನಿನ ಪೇಟೆಗೆ ವಾರಕ್ಕೆ ನಾಲ್ಕು ದಿನವಾದರೂ ಹೋಗುತ್ತೇನೆ. ಮನೆಯಲ್ಲಿ ಆಯಿಗೆ ಗೊತ್ತಾದರೆ ಬೈತಾಳೆ, ಅದು ಬೇರೆ ವಿಷಯ. ಅಲ್ಲಿನ ಹೆಂಗಸರ ಹತ್ತಿರ ಕಲಿತದ್ದು ಬಹಳ ಇದೆ. ಒಬ್ಬರು ಒಮ್ಮೆ ಹೇಳಿದರು, "ಕಟ್ಟೋರು ಚಂದ ಕಟ್ತಾರೆ ತಮ್ಮಾ. ಒಳಗೆ ಕೂತ್ರೆ ಯಾಪಾರ ಆಗೂದಿಲ್ಲ." ಯಾಕೆ ಅಂತ ಕೇಳಿದೆ. ಕೈ ಮಾಡಿ ತೋರಿಸುತ್ತ ವಿವರಿಸಿದರು. ಕಟ್ಟೆ ಜಾಸ್ತಿ ಎತ್ತರ ಆದರೆ ಬುಟ್ಟಿ ಎತ್ತಿಡಲು ಸೊಂಟ ನೋವು. ತಗ್ಗಾದರೆ ಗಿರಾಕಿ ಬಗ್ಗಿ ನೋಡುವುದಿಲ್ಲ. ನೀರು ಹರಿಯುವ ಇಳಿಜಾರು ಕೂರುವವರ ಕಡೆಗೆ ಇದ್ದರೆ ಇಡೀ ದಿನ ಕಾಲು ಒದ್ದೆ. ಹಿಂದಿನ ಸಾಲಿನವರ ಹತ್ತಿರ ಯಾರೂ ಬರುವುದಿಲ್ಲ, ಬಾಗಿಲ ಹತ್ತಿರ ಕೂತವರದ್ದೇ ಖಾಲಿ ಆಗುತ್ತದೆ. ಹಾಗಾಗಿ ಹಿಂದಿನವರು ಒಂದಿನ ಎದ್ದು ರಸ್ತೆಗೆ ಬರುತ್ತಾರೆ. ಆಗ ಜನ, ಅಷ್ಟು ಒಳ್ಳೆ ಕಟ್ಟಡ ಕಟ್ಟಿಕೊಟ್ಟರೂ ಇವರಿಗೆ ಬೀದಿಯೇ ಬೇಕು ಅಂತಾರೆ.

ಕಟ್ಟುವ ಮೊದಲು ಒಂದು ಬೆಳಿಗ್ಗೆ ಇವರ ಜೊತೆ ಕೂತು ಕೇಳಿದ್ದರೆ? ಸರದಿಯಂತೆ ಮುಂದಿನ ಸಾಲು ಬದಲಾಯಿಸುವ ಕ್ರಮ ಇದ್ದಿದ್ದರೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಹಸಿಮೀನು ಕಡಿಮೆ, ಇವರು ಒಣಮೀನು, ಬೆಳಚು (ಚಿಪ್ಪುಮೀನು) ಮಾರುತ್ತಾರೆ. ಒಣಮೀನಿಗೆ ಒಂದು ಹನಿ ನೀರು ತಾಗಬಾರದು. ಆ ಎರಡು ತಿಂಗಳಿಗೆ ಕಟ್ಟಡದ ಬೇರೊಂದು ಒಣ ಮೂಲೆ ಬೇಕು. ಊರನ್ನು ಒಳಗೊಳ್ಳುವುದು ಅಂತ ದೊಡ್ಡ ಮಾತು ಆಡುತ್ತೇವಲ್ಲ, ಕೆಲಸ ಇರುವುದು ಕಟ್ಟೆಯ ಎತ್ತರದಲ್ಲಿ, ಆ ಒಣ ಮೂಲೆಯಲ್ಲಿ.

ಮಾಲು ಯಾರಿಂದ ತರುತ್ತಾರೆ ಅನ್ನುವ ಪ್ರಶ್ನೆಗೂ ಇಂಥದ್ದೇ ಸಣ್ಣ ವಿವರಗಳಲ್ಲಿ ಉತ್ತರ ಇದೆ. ನಮ್ಮ ಕಡೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು, ಮುರುಗಲು ಸಿಪ್ಪೆ, ಜೋನಿಬೆಲ್ಲ ಮಾಡುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಸ್ವಸಹಾಯ ಗುಂಪಿನವರು ಸೂಪರ್ ಮಾರ್ಕೆಟ್ಟಿಗೆ ಹೋದರೆ ಕೇಳುವುದು ಲೇಬಲ್ಲು, ಬಾರ್‌ಕೋಡು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ. ಅದು ಸರಿಯೇ, ತಿನ್ನುವ ವಸ್ತು. ಆದರೆ ಕಷ್ಟ ಆಗುವುದು ದುಡ್ಡಿನಲ್ಲಿ. ಮಾಲು ಇವತ್ತು, ದುಡ್ಡು ಎರಡು ತಿಂಗಳ ಮೇಲೆ, ಖರ್ಚಾಗದ್ದು ವಾಪಸ್. ಹಪ್ಪಳದ ಸೀಸನ್ ಇರುವುದೇ ಎರಡು ತಿಂಗಳು. ಮುಂದಿನ ಹಲಸು, ಎಣ್ಣೆ, ಪ್ಯಾಕೆಟ್ಟಿಗೆ ಎಲ್ಲಿಂದ ದುಡ್ಡು ತರುವುದು?

ಸಣ್ಣ ಉದ್ದಿಮೆಗಳಿಗೆ ಅಂತ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಇದಕ್ಕೆ ಲೆಕ್ಕ ಇದೆ. ನೋಂದಾಯಿತ ಸಣ್ಣ ಉತ್ಪಾದಕರಿಗೆ, ಬರಹದಲ್ಲಿ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ. ಊರಿನ ಹೆಂಗಸರಿಗೆ ಬೆಂಬಲ ಅಂತ ವೇದಿಕೆ ಮೇಲೆ ಶಾಲು ಹೊದಿಸುವುದಕ್ಕಿಂತ ಹದಿನೈದನೇ ದಿನ ಚೆಕ್ ಕೊಡುವುದು ದೊಡ್ಡ ಬೆಂಬಲ. ಇದನ್ನು ಬಹಳ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಹಪ್ಪಳ ಒತ್ತಿ ಕೈ ಬೊಬ್ಬೆ ಎದ್ದವರನ್ನು ಮನೆಯಲ್ಲೇ ನೋಡಿದ್ದೇನೆ.

ಜಾಗ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಶಿರಸಿಯಲ್ಲೇ ಉದಾಹರಣೆ ಇದೆ. ವನಸ್ತ್ರೀ ಬಳಗದವರು ನಡೆಸುವ ಮಲೆನಾಡು ಮೇಳಕ್ಕೆ ಹೋಗಿ ನೋಡಿ. ಹಳ್ಳಿಯ ಹೆಂಗಸರು ತಮ್ಮ ಹಿತ್ತಿಲಿನ ಬೀಜ, ಗೆಡ್ಡೆ, ಹೂವಿನ ಗಿಡ ತಂದು ಮಾರುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ. ಯಾವ ಅವರೆ ಎಷ್ಟು ದಿನಕ್ಕೆ ಕಾಯಿ ಬಿಡುತ್ತದೆ ಅಂತ ಕೇಳಿದರೆ ಅರ್ಧ ಗಂಟೆ ಮಾತು. ಪೇಟೆಯ ಒಂದು ಸೂರು ವರ್ಷದಲ್ಲಿ ಒಂದೆರಡು ದಿನ ಇವರಿಗೆ ಸಿಕ್ಕರೆ ಇಷ್ಟು ಆಗುತ್ತದೆ. ವಾರಕ್ಕೊಂದು ದಿನ, ಒಂದು ಕಾಂಪ್ಲೆಕ್ಸಿನ ಪಾರ್ಕಿಂಗ್ ಮೂಲೆ ಸಿಕ್ಕರೆ?

ಇನ್ನು ವಂತಿಗೆ. ಜಾತ್ರೆ, ಗಣೇಶ ಚೌತಿ, ಯಕ್ಷಗಾನ, ಶಾಲೆಯ ಗ್ಯಾದರಿಂಗ್, ಯಾವುದೇ ಇರಲಿ, ರಸೀದಿ ಪುಸ್ತಕ ಹಿಡಿದು ಮೊದಲು ಹೋಗುವುದು ಅಂಗಡಿಗೆ. ಕೊಡುತ್ತಲೂ ಬಂದಿದ್ದಾರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯಲ್ಲಿ ಶಿರಸಿ ವರ್ತಕರ ಕೈ ಹೇಗೆ ಬಿಚ್ಚುತ್ತದೆ ಅಂತ ಊರೇ ನೋಡಿದೆ. ಆದರೆ ಹೊಸದಾಗಿ ಬರುವ ದೊಡ್ಡ ಕಂಪನಿಗಳ ಮಳಿಗೆಯಲ್ಲಿ ಮ್ಯಾನೇಜರ್ ಇರುತ್ತಾರೆ, ಮಾಲೀಕರು ಇರುವುದಿಲ್ಲ. ಐನೂರು ರೂಪಾಯಿ ವಂತಿಗೆಗೂ ಮೇಲೆ ಕೇಳಬೇಕು. ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 5 ಕೋಟಿ ನಿವ್ವಳ ಲಾಭ, ಅಥವಾ 1000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿಮೌಲ್ಯ ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಮಾಜಕ್ಕೆ ಕೊಡಬೇಕು. ಆ ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಆಗುವುದು ದೊಡ್ಡ ಊರಿನಲ್ಲಿ. ನಮ್ಮ ಕಾಂಪ್ಲೆಕ್ಸುಗಳಿಗೆ ಈ ಕಲಮು ಅನ್ವಯ ಆಗುವುದು ಬಹಳ ಅಪರೂಪ. ಹಾಗಾಗಿ ನಾನು ದುಡ್ಡು ಕೇಳುತ್ತಿಲ್ಲ. ಅವರ ಹತ್ತಿರ ಇರುವುದು ಸೂರು, ನೀರು, ಕರೆಂಟು, ಜಾಗ. ಕೇಳುತ್ತಿರುವುದು ಅದನ್ನೇ.

ಕೇಳಲು ಸರಿಯಾದ ಹೊತ್ತೂ ಇದೆ. ಕಟ್ಟಡ ಎದ್ದ ಮೇಲೆ ಕಷ್ಟ, ನಕ್ಷೆ ನಗರಸಭೆಗೆ ಬಂದಾಗ ಸುಲಭ. ಇಳಿಜಾರು ದಾರಿಯನ್ನೇ ತಗೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ವಾಣಿಜ್ಯ ಕಟ್ಟಡಕ್ಕೂ ಅನ್ವಯ. ಗಾಲಿಕುರ್ಚಿ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರಡಿ ಎತ್ತರದ ಮೆಟ್ಟಿಲು ಕಟ್ಟಿದ ಮೇಲೆ ಮೂವತ್ತಾರು ಅಡಿ ಎಲ್ಲಿಂದ ತರುತ್ತೀರಿ? ನಮ್ಮ ವಾರ್ಡ್ ಸದಸ್ಯರನ್ನು ನಾನು ಈಗ ಎರಡು ಸಲ ಕೇಳಿದ್ದೇನೆ: ಮುಂದಿನ ಕಾಂಪ್ಲೆಕ್ಸಿನ ನಕ್ಷೆಯಲ್ಲಿ ರಸ್ತೆ ಕಡೆಗೆ ತೆರೆದ ಒಂದು ಜಗಲಿ, ಹೊರಗಿನವರಿಗೂ ತೆರೆದಿರುವ ಶೌಚಾಲಯ, ಅದನ್ನು ತೊಳೆಯುವವರ ಸಂಬಳ ಯಾರದ್ದು ಅಂತ ಬರಹದಲ್ಲಿ. ಪಟ್ಟಣ ವ್ಯಾಪಾರ ಸಮಿತಿಯ ಮುಂದಿನ ಸಭೆ ಯಾವಾಗ ಅಂತಲೂ ಕೇಳಿದ್ದೇನೆ. ಮೂರನೇ ಸಲವೂ ಕೇಳುತ್ತೇನೆ. ನೀವೂ ನಿಮ್ಮ ಊರಲ್ಲಿ ಕೇಳಿ.

ಮೊನ್ನೆ ಕಣ್ಣಿನ ಡಾಕ್ಟರು ಮತ್ತೆ ಬರಲು ಹೇಳಿದ್ದರು. ಆಯಿ ಹಿಂದಿನ ರಾತ್ರಿಯೇ ಪಾತ್ರೆ ಅಂಗಡಿಯವರಿಗೆ ಅಂತ ನಾಲ್ಕು ಬಾಳೆಹಣ್ಣು, ಒಂದು ಹಿಡಿ ಹಪ್ಪಳ ಕಟ್ಟಿಟ್ಟಿದ್ದಳು. ದೋಸೆ ಕಾವಲಿ ಹಳತಾಗಿದೆ, ಅಲ್ಲೇ ಒಂದು ನೋಡಬೇಕು ಅಂತಲೂ ಹೇಳಿದಳು. ಬಸ್ಸು ಇಳಿಯುತ್ತಿದ್ದ ಹಾಗೆ ನನಗೆ ಕೊಡೆ ಕೊಟ್ಟು, "ಚೀಲ ನಾನು ಪಾತ್ರೆ ಅಂಗ್ಡಿಲಿ ಇಡ್ತಿ, ನೀನು ಹೋಗಿ ನಂಬರ್ ಹಚ್ಚು" ಅಂದಳು.